ಎಲ್ಲದಕ್ಕೂ ದುಡ್ಡು ಹಾಕುವವರ ಎದುರು ಪೋಕರ್: ಪದೇ ಪದೇ ಕೇಳುವ ಪ್ರಶ್ನೆಗಳು

ಊರು ಹುಬ್ಬಳ್ಳಿ, ಹೊಟ್ಟೆಪಾಡು ಪುಣೆ. ವರ್ಷಕ್ಕೆ ಎರಡು-ಮೂರು ಸಲ ಪಣಜಿಗೆ ಹೋಗಿ, ಮಾಂಡೋವಿ ನದಿಯಲ್ಲಿ ನಿಂತಿರುವ ಕ್ಯಾಸಿನೊ ಹಡಗು ಹತ್ತಿ ಪೋಕರ್ ಆಡಿ ಬರುತ್ತೇನೆ. (ನಮ್ಮ ಖಾನಾಪುರದ ಕಡೆ ಹುಟ್ಟುವ ಮಹದಾಯಿಯೇ ಅಲ್ಲಿಗೆ ಹೋಗುವಷ್ಟರಲ್ಲಿ ಮಾಂಡೋವಿ ಆಗಿರುತ್ತದೆ. ನೀರಿನ ಜಗಳ ಇಲ್ಲಿ ಬೇಡ.) ಹೋಗಿ ಬಂದಾಗಲೆಲ್ಲ ಇಲ್ಲಿನ ಕನ್ನಡದ ಗೆಳೆಯರು ಒಂದೇ ತರದ ಪ್ರಶ್ನೆ ಕೇಳುತ್ತಾರೆ: ಎದುರಿನವರು ಹುಚ್ಚರ ಹಾಗೆ ಆಡುವಾಗ ನಾವು ಹೇಗೆ ಆಡಬೇಕು? ಹೇಳಿ ಹೇಳಿ ಸಾಕಾಗಿ ಬರೆದಿಡುತ್ತಿದ್ದೇನೆ. ಟೆಕ್ಸಾಸ್ ಹೋಲ್ಡೆಮ್ ನಿಯಮ ನಿಮಗೆ ಗೊತ್ತು ಅಂದುಕೊಂಡಿದ್ದೇನೆ. ಕೈಯಲ್ಲಿ ಎರಡು ಎಲೆ, ಮೇಜಿನ ಮೇಲೆ ಐದು, ಅಷ್ಟು ಗೊತ್ತಿದ್ದರೆ ಸಾಕು.

ಲೂಸ್ ಆಟಗಾರ, ಅಗ್ರೆಸಿವ್ ಆಟಗಾರ, ಇಬ್ಬರೂ ಒಂದೇ ಅಲ್ವಾ?

ಅಲ್ಲ. ಜಾಸ್ತಿ ಜನ ದುಡ್ಡು ಕಳೆದುಕೊಳ್ಳುವುದೇ ಈ ಗೊಂದಲದಲ್ಲಿ. ಎಂಥ ಎಲೆ ಬಂದರೂ ಆಟಕ್ಕೆ ಇಳಿಯುವವನು ಲೂಸ್. ಇಳಿದ ಮೇಲೆ ಏನು ಮಾಡುತ್ತಾನೆ ಅನ್ನುವುದು ಬೇರೆ ಪ್ರಶ್ನೆ. ಒಬ್ಬ ಸುಮ್ನೆ ಕಾಲ್ ಮಾಡುತ್ತಾ (ಎದುರಿನವರು ಹಾಕಿದಷ್ಟೇ ಹಾಕುತ್ತಾ) ಕೊನೆತನಕ ಬರುತ್ತಾನೆ, ರೇಸ್ ಮಾಡುವುದಿಲ್ಲ (ಅದಕ್ಕಿಂತ ಏರಿಸುವುದಿಲ್ಲ), ಎಲೆ ಬಿಸಾಡುವುದೂ ಇಲ್ಲ. ಅವನಿಗೆ ಕಾಲಿಂಗ್ ಸ್ಟೇಷನ್ ಅನ್ನುತ್ತಾರೆ. ಇನ್ನೊಬ್ಬ ಬಂದದ್ದಕ್ಕೆಲ್ಲ ರೇಸ್ ಮಾಡುತ್ತಾನೆ, ಅದರ ಮೇಲೆ ಇನ್ನೊಂದು ರೇಸ್ ಮಾಡುತ್ತಾನೆ. ಅವನು ಮೇನಿಯಾಕ್. ಮೊದಲನೆಯವನ ಎದುರು ನೀವು ಬೆಟ್ ಹಾಕಬೇಕು, ಎರಡನೆಯವನ ಎದುರು ಅವನಿಗೆ ಬೆಟ್ ಹಾಕಲು ಬಿಡಬೇಕು. ಇದನ್ನು ಉಲ್ಟಾ ಮಾಡಿದರೆ ಮುಗಿಯಿತು. ಮೂರನೆಯವನೂ ಒಬ್ಬನಿದ್ದಾನೆ, ನೋಡಲು ಹುಚ್ಚ, ಒಳಗೆ ಲೆಕ್ಕ ಪಕ್ಕಾ. ಅವನ ವಿಷಯ ಆಮೇಲೆ.

ಯಾರು ಎಂಥವರು ಅಂತ ಎಷ್ಟು ಹೊತ್ತಿಗೆ ಗೊತ್ತಾಗುತ್ತದೆ?

ಮೇಜಿನ ಆಟದಲ್ಲಿ ಗಂಟೆಗೆ 25-30 ಕೈ (ಎಲೆ ಹಂಚಿ ಆಡುವ ಒಂದೊಂದು ಆಟ) ಆಗುತ್ತವೆ ಅಷ್ಟೆ. ಆದ್ದರಿಂದ ಪುಸ್ತಕದ ಲೆಕ್ಕದಂತೆ ನೂರಾರು ಕೈ ನೋಡುತ್ತಾ ಕೂತರೆ ರಾತ್ರಿಯೇ ಕಳೆದುಹೋಗುತ್ತದೆ. ನಾನು ಮೊದಲ ಎರಡು ಸುತ್ತು, ಅಂದರೆ ಹದಿನೆಂಟು-ಇಪ್ಪತ್ತು ಕೈ, ಎರಡೇ ಎಣಿಸುತ್ತೇನೆ. ಬ್ಲೈಂಡ್ (ಎಲೆ ನೋಡುವ ಮೊದಲೇ ಸರದಿಯಂತೆ ಇಬ್ಬರು ಹಾಕಲೇಬೇಕಾದ ದುಡ್ಡು) ಬಿಟ್ಟು ಎಷ್ಟು ಸಲ ತಾನಾಗಿ ದುಡ್ಡು ಹಾಕಿದ, ಅದರಲ್ಲಿ ಎಷ್ಟು ಸಲ ರೇಸ್ ಮಾಡಿದ. ಇಪ್ಪತ್ತರಲ್ಲಿ ಹನ್ನೆರಡು ಸಲ ಇಳಿದು ಒಂದೇ ಸಲ ರೇಸ್ ಮಾಡಿದವನು ಕಾಲಿಂಗ್ ಸ್ಟೇಷನ್. ಹನ್ನೆರಡು ಸಲ ಇಳಿದು ಒಂಬತ್ತು ಸಲ ರೇಸ್ ಮಾಡಿದವನು ಮೇನಿಯಾಕ್. ಇಷ್ಟು ಕಡಿಮೆ ಕೈಯಲ್ಲಿ ತಪ್ಪಾಗಬಹುದು, ನಿಜ. ಯಾರಿಗಾದರೂ ಸಾಲಾಗಿ ಒಳ್ಳೆ ಎಲೆ ಬಂದಿರಬಹುದಲ್ಲ. ಅದಕ್ಕೇ ಕೊನೆಯಲ್ಲಿ ಎಲೆ ತೋರಿಸುವಾಗ ಕಣ್ಣು ಅಲ್ಲಿರಬೇಕು. ನೀವು ಎಲೆ ಬಿಸಾಡಿ ಫೋನ್ ನೋಡುತ್ತಾ ಕೂತಿರುವಾಗ ಅವನು ಮೂರು ಸಲ ಬೆಟ್ ಹಾಕಿ ಏಳು-ಎರಡರಂಥ ಕೆಟ್ಟ ಎಲೆ ತೋರಿಸಿರುತ್ತಾನೆ, ಅಂಥ ಪುಕ್ಕಟೆ ಮಾಹಿತಿ ಇಡೀ ರಾತ್ರಿಯಲ್ಲಿ ಮತ್ತೆ ಸಿಗುವುದಿಲ್ಲ.

ಅಲ್ಲಿ ಇಷ್ಟು ಜನ ಹೀಗೆ ಆಡುವುದು ಯಾಕೆ?

ರಜಾದ ಮೂಡು, ಜೊತೆಗೆ ಬಿಯರು, ಒಂದು ಕಾರಣ. ನನಗನ್ನಿಸುವ ದೊಡ್ಡ ಕಾರಣ ತೀನ್ ಪತ್ತಿ. ದೀಪಾವಳಿಗೆ ಮನೆಮನೆಯಲ್ಲಿ ಆಡಿ ಬೆಳೆದ ಆಟ ಅದು. ಅದರಲ್ಲಿ ಎಲೆ ನೋಡದೆ ಆಡುವವನು ಕಡಿಮೆ ಹಾಕಿದರೆ ಸಾಕು, ಎಲೆ ನೋಡಿದವನು ಅವನ ಎರಡರಷ್ಟಾದರೂ ಹಾಕಬೇಕು. ಅಂದರೆ ಕುರುಡಾಗಿ ನುಗ್ಗುವವನಿಗೆ ಆಟವೇ ರಿಯಾಯಿತಿ ಕೊಡುತ್ತದೆ, ಅಲ್ಲಿ ಧೈರ್ಯಕ್ಕೆ ಬೆಲೆ ಇದೆ. ಪೋಕರ್‌ನಲ್ಲಿ ಆ ರಿಯಾಯಿತಿ ಇಲ್ಲ. ಎಲೆ ನೋಡಿದವನೂ ಅಷ್ಟೇ, ನೋಡದವನೂ ಅಷ್ಟೇ ಹಾಕಬೇಕು. ಆದರೆ ಇಪ್ಪತ್ತು ವರ್ಷದ ಅಭ್ಯಾಸ ಎಲ್ಲಿ ಬಿಡುತ್ತದೆ? ಹಾಗಾಗಿ ಎದುರಿನವನು ದಡ್ಡ ಅಂದುಕೊಳ್ಳಬೇಡಿ. ಅವನು ಬೇರೆ ಆಟವನ್ನು ಈ ಮೇಜಿನ ಮೇಲೆ ಆಡುತ್ತಿದ್ದಾನೆ.

ನನ್ನ ಬ್ಲಫ್ ಒಂದೂ ನಡೆಯಲ್ಲ. ಏನು ತಪ್ಪು ಮಾಡುತ್ತಿದ್ದೇನೆ?

ಬ್ಲಫ್, ಅಂದರೆ ಒಳ್ಳೆ ಎಲೆ ಇಲ್ಲದೆ ಬೆಟ್ ಹಾಕಿ ಹೆದರಿಸುವುದು, ಅದನ್ನು ಮಾಡುತ್ತಿರುವುದೇ ತಪ್ಪು. ಲೆಕ್ಕ ನೋಡಿ. ಪಾಟ್‌ನಲ್ಲಿ (ಎಲ್ಲರೂ ಹಾಕಿದ ದುಡ್ಡಿನ ಗುಡ್ಡೆಯಲ್ಲಿ) 1000 ಇದೆ, ನೀವು ಬ್ಲಫ್ ಅಂತ 500 ಹಾಕಿದಿರಿ. ಅವನು ಮೂರರಲ್ಲಿ ಒಂದು ಸಲವಾದರೂ ಎಲೆ ಬಿಸಾಡಿದರೆ ಮಾತ್ರ ನಿಮಗೆ ನಷ್ಟ ಇಲ್ಲ. 1000 ಹಾಕಿದರೆ ಎರಡರಲ್ಲಿ ಒಂದು ಸಲ ಬಿಸಾಡಬೇಕು. ಕಾಲಿಂಗ್ ಸ್ಟೇಷನ್ ಇಷ್ಟು ಬಿಸಾಡುತ್ತಾನಾ? ಕೈಯಲ್ಲಿ ಬರೀ ನಾಲ್ಕರ ಜೋಡಿ ಇದ್ದರೂ 'ನೋಡೇಬಿಡೋಣ' ಅಂತ ಹಾಕುತ್ತಾನೆ. ಮೊದಲ ಬೆಟ್‌ನಲ್ಲಿ ಶಕ್ತಿ ತೋರಿಸಿ, ಎರಡನೆಯದರಲ್ಲಿ ಕಥೆ ಕಟ್ಟಿ, ಮೂರನೆಯದರಲ್ಲಿ ಹೆದರಿಸುವ ನಿಮ್ಮ ಜಾಣತನವೆಲ್ಲ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಅವನು ನಿಮ್ಮ ಕಥೆ ಕೇಳುತ್ತಲೇ ಇಲ್ಲ, ತನ್ನ ಎಲೆ ಮಾತ್ರ ನೋಡಿಕೊಳ್ಳುತ್ತಿದ್ದಾನೆ.

ಫ್ಲಾಪ್‌ನಲ್ಲಿ (ಮೇಜಿನ ಮೇಲೆ ಮೊದಲ ಮೂರು ಎಲೆ ಬಿದ್ದಾಗ) ಒಬ್ಬನೇ ಎದುರಿದ್ದಾಗ ಒಂದು ಸಣ್ಣ ಬೆಟ್ ಹಾಕಿ ನೋಡುವುದು ಸರಿ. ಕಾಲ್ ಬಂತೋ, ಅಲ್ಲಿಗೇ ನಿಲ್ಲಿಸಿ.

ಬ್ಲಫ್ ಬಿಟ್ಟರೆ ದುಡ್ಡು ಎಲ್ಲಿಂದ ಬರುತ್ತದೆ?

ಒಳ್ಳೆ ಕೈಗೆ ದೊಡ್ಡ ಬೆಟ್ ಹಾಕುವುದರಿಂದ. ಇದೇ ಈ ಪುಟದ ಮುಖ್ಯ ಮಾತು, ಉಳಿದದ್ದೆಲ್ಲ ಇದರ ಬಾಲ.

ಪಾಟ್ 1000 ಇದೆ ಅಂದುಕೊಳ್ಳಿ. ಫ್ಲಾಪ್, ಟರ್ನ್ (ನಾಲ್ಕನೆಯ ಎಲೆ), ರಿವರ್ (ಐದನೆಯ ಎಲೆ) ಮೂರರಲ್ಲೂ ನೀವು ಅರ್ಧ ಪಾಟ್‌ನಷ್ಟು ಬೆಟ್ ಹಾಕಿದಿರಿ, ಅವನು ಮೂರಕ್ಕೂ ಕಾಲ್ ಮಾಡಿದ. ಅವನ ಜೇಬಿನಿಂದ ಬಂದದ್ದು 500, 1000, 2000, ಒಟ್ಟು 3500. ಈಗ ಮೂರರಲ್ಲೂ ಪೂರ್ತಿ ಪಾಟ್‌ನಷ್ಟು ಹಾಕಿ. 1000, 3000, 9000, ಒಟ್ಟು 13,000. ಅದೇ ಎಲೆ, ಅದೇ ಎದುರಾಳಿ, ಬೆಟ್ ಎರಡರಷ್ಟು, ಬರುವ ದುಡ್ಡು ಮಾತ್ರ ನಾಲ್ಕರಷ್ಟು ಹತ್ತಿರ. ಬಿಸಾಡದವನ ಎದುರು ಸಣ್ಣ ಬೆಟ್ ಹಾಕಿ 'ಓಡಿಹೋದಾನು' ಅಂತ ಹೆದರುವುದು ಅಂಗಡಿಗೆ ಬಂದ ಗಿರಾಕಿಗೆ ನಾವೇ ಅರ್ಧ ರೇಟು ಹೇಳಿದ ಹಾಗೆ.

ಒಳ್ಳೆ ಕೈ ಅಂದರೆ ಫ್ಲಶ್ (ಒಂದೇ ಜಾತಿಯ ಐದು ಎಲೆ), ಫುಲ್ ಹೌಸ್ (ಒಂದೇ ತರದ ಮೂರು, ಜೊತೆಗೊಂದು ಜೋಡಿ) ಮಾತ್ರ ಅಲ್ಲ. ಮೇಜಿನ ದೊಡ್ಡ ಎಲೆಗೆ ಜೋಡಿ, ಪಕ್ಕದಲ್ಲಿ ಎಕ್ಕವೋ ರಾಜನೋ ಇದ್ದರೆ, ಕಾಲಿಂಗ್ ಸ್ಟೇಷನ್ ಎದುರು ಮೂರು ಬೆಟ್‌ಗೂ ಸಾಕಾಗುವ ಕೈ. ಅವನು ಕಾಲ್ ಮಾಡುವ ಕೈಗಳಲ್ಲಿ ಅರ್ಧಕ್ಕಿಂತ ಜಾಸ್ತಿಯನ್ನು ನಿಮ್ಮದು ಸೋಲಿಸುತ್ತದೆಯಾ ಅಂತ ಮಾತ್ರ ಕೇಳಿಕೊಳ್ಳಿ. ಒಳ್ಳೆ ಎಲೆ ಬಂದಾಗ ಬಚ್ಚಿಟ್ಟು ಚೆಕ್ ಮಾಡುವ (ಬೆಟ್ ಹಾಕದೆ ಸರದಿ ದಾಟಿಸುವ) ಚಾಳಿಯನ್ನೂ ಇವನ ಎದುರು ಬಿಡಿ. ಅವನು ತಾನಾಗಿ ಬೆಟ್ ಹಾಕುವುದಿಲ್ಲ, ನೀವೂ ಹಾಕದಿದ್ದರೆ ಪಾಟ್ ಬೆಳೆಸುವವರು ಯಾರು?

ಎಕ್ಕದ ಜೋಡಿ ಬಂದರೂ ಸೋಲುತ್ತೇನಲ್ಲ?

ಎಕ್ಕದ ಜೋಡಿ 221 ಕೈಗೆ ಒಂದು ಸಲ ಬರುತ್ತದೆ, ಸೋತಾಗ ಹೊಟ್ಟೆ ಉರಿಯುವುದು ಸಹಜ. ಆದರೆ ಎಂಥದೋ ಎಲೆ ಹಿಡಿದ ಒಬ್ಬನ ಎದುರು ಕೊನೆತನಕ ಹೋದರೆ ಅದು ಗೆಲ್ಲುವುದು ಶೇ. 85 ಸಲ. ಇಬ್ಬರಿದ್ದರೆ ಸುಮಾರು 73, ಮೂವರಿದ್ದರೆ 64, ನಾಲ್ವರಿದ್ದರೆ 56. ಲೂಸ್ ಮೇಜಿನಲ್ಲಿ ನಾಲ್ವರು ಬರುವುದೇ ರೂಢಿ. ಹಾಗಾದರೆ ಪರಿಹಾರ? ಫ್ಲಾಪ್‌ಗೆ ಮೊದಲೇ ರೇಸ್ ದೊಡ್ಡದು ಮಾಡಿ. ಎಲ್ಲರೂ ಬ್ಲೈಂಡ್‌ನ ಮೂರರಷ್ಟು ರೇಸ್‌ಗೆ ಕಾಲ್ ಮಾಡುತ್ತಿದ್ದರೆ ನೀವು ಏಳರಷ್ಟು, ಎಂಟರಷ್ಟು ಮಾಡಿ. ಆಗಲೂ ಇಬ್ಬರು ಬರುತ್ತಾರೆ, ಬರಲಿ. ಮೂವರು ಇಪ್ಪತ್ತು ಸಾವಿರ ಹಾಕಿರುವ ಪಾಟ್‌ನಲ್ಲಿ ಶೇ. 73 ನಿಮ್ಮದಾದರೆ ಅದು ಕೆಟ್ಟ ವ್ಯಾಪಾರ ಅಲ್ಲವೇ ಅಲ್ಲ.

ಸುಮ್ಮನಿದ್ದ ಕಾಲಿಂಗ್ ಸ್ಟೇಷನ್ ಟರ್ನ್‌ನಲ್ಲಿ ದಿಢೀರ್ ರೇಸ್ ಮಾಡಿದರೆ?

ಬಿಸಾಡಿ. ಒಂದು ಜೋಡಿ ಹಿಡಿದು ವಾದ ಮಾಡಬೇಡಿ.

ಮೇನಿಯಾಕ್ ಇರುವ ಮೇಜಿನಲ್ಲಿ ಎಲ್ಲಿ ಕೂರಬೇಕು?

ಅವನ ಎಡಕ್ಕೆ. ಆಟ ಎಡಕ್ಕೆ ತಿರುಗುತ್ತದೆ, ಆದ್ದರಿಂದ ಅವನು ಏನು ಮಾಡಿದ ಅಂತ ನೋಡಿದ ಮೇಲೆ ನಿಮ್ಮ ಸರದಿ ಬರುತ್ತದೆ. ಅವನು ನಿಮ್ಮ ಎಡಕ್ಕಿದ್ದರೆ ನೀವು ಅಗ್ಗದಲ್ಲಿ ಫ್ಲಾಪ್ ನೋಡೋಣ ಅಂತ ಕಾಲ್ ಮಾಡಿದಾಗಲೆಲ್ಲ ಹಿಂದಿನಿಂದ ರೇಸ್ ಬೀಳುತ್ತದೆ. ಎಡಗಡೆ ಸೀಟು ಖಾಲಿಯಾದ ತಕ್ಷಣ ಡೀಲರ್‌ಗೆ ಹೇಳಿ ಜಾಗ ಬದಲಿಸಿ, ಯಾರೂ ಬೇಡ ಅನ್ನುವುದಿಲ್ಲ. ಕೆಲವರಿಗೆ ಇದು ನಾಚಿಕೆ. ಬಸ್ಸಿನಲ್ಲಿ ಕಿಟಕಿ ಸೀಟಿಗೆ ಜಗಳ ಆಡುವವರಿಗೆ ಇಲ್ಲಿ ಮಾತ್ರ ಯಾಕೆ ನಾಚಿಕೆಯೋ.

ಪ್ರತಿ ಕೈಗೂ ಏರಿಸುವವನನ್ನು ಹಿಡಿಯುವುದು ಹೇಗೆ?

ಮೊದಲು ಎಲೆ ಆರಿಸಿಕೊಳ್ಳಿ. ಅವನು ಅರ್ಧಕ್ಕಿಂತ ಜಾಸ್ತಿ ಕೈ ಆಡುತ್ತಾನೆ ಅಂತ ನೀವೂ ಅರ್ಧ ಕೈ ಆಡಬೇಕಿಲ್ಲ. ಎಕ್ಕದ ಜೊತೆ ದೊಡ್ಡ ಎಲೆ, ಎಂಟು-ಒಂಬತ್ತರ ಮೇಲಿನ ಜೋಡಿ, ರಾಜ-ರಾಣಿ, ಇಂಥವು ಸಾಕು. ಬಂದಾಗ ಅವನ ರೇಸ್ ಮೇಲೆ ಮೂರರಷ್ಟು ರೇಸ್ ಮಾಡಿ, ಉಳಿದವರು ಓಡಿಹೋಗಿ ನೀವಿಬ್ಬರೇ ಉಳಿಯುವ ಹಾಗೆ. ಆಮೇಲೆ ಸುಮ್ಮನಾಗಿ, ಬೆಟ್ ಹಾಕುವ ಕೆಲಸ ಅವನಿಗೆ ಬಿಡಿ.

ಹೋದ ಸಲದ ಒಂದು ಕೈ ಹೇಳುತ್ತೇನೆ. ಬ್ಲೈಂಡ್ 100-200, ನನ್ನ ಮುಂದೆ 20,000. ಬಲಗಡೆ ಒಬ್ಬ ಟೋಪಿ ಹಾಕಿದ ಅಣ್ಣ, ಬೆಳಗಾವಿ ಕಡೆಯವನು ಅಂತ ಮಾತಿನಲ್ಲೇ ಗೊತ್ತಾಯಿತು, 'ಏನ್ರಿ, ಬರೇ ಎಲಿ ಒಗ್ಯಾಕ ಬಂದೀರೇನ್ರಿ?' ಅಂತ ನನ್ನನ್ನು ಛೇಡಿಸುತ್ತಲೇ ಇದ್ದ. ಚಿಪ್ಸ್ ಅನ್ನು (ದುಡ್ಡಿನ ಬದಲು ಆಡುವ ಬಿಲ್ಲೆಗಳನ್ನು) ಎರಡು ಗುಡ್ಡೆ ಮಾಡಿ, ಒಂದರೊಳಗೊಂದು ಸರಸರ ಸೇರಿಸುತ್ತಾ ಎಲೆ ಪೂರ್ತಿ ಎತ್ತುವ ಮೊದಲೇ 1000 ದೂಡಿದ. ನನ್ನ ಹತ್ತಿರ ಇಸ್ಪೀಟಿನ ಎಕ್ಕ, ಕಳಾವರ್ ರಾಣಿ. 3500 ಮಾಡಿದೆ. ಬೇರೆಯವರೆಲ್ಲ ಬಿಸಾಡಿದರು, ಅವನು ಕಾಲ್ ಮಾಡಿದ. ಪಾಟ್ 7300.

ಫ್ಲಾಪ್‌ನಲ್ಲಿ ಆಟೀನ್ ರಾಣಿ, ಕಳಾವರ್ ಎಂಟು, ಡೈಮನ್ ನಾಲ್ಕು. ಅವನು 5000 ಹಾಕಿದ. ಇಲ್ಲಿ ರೇಸ್ ಮಾಡಲು ಕೈ ತುರಿಸುತ್ತದೆ, ಮಾಡಬಾರದು. ಮಾಡಿದರೆ ಅವನ ಕೈಯಲ್ಲಿ ಏನೂ ಇಲ್ಲದಿದ್ದರೆ ಓಡುತ್ತಾನೆ, ನನಗೆ ಬೇಕಾದದ್ದೇ ಏನೂ ಇಲ್ಲದವನು ಇನ್ನೊಂದು ಸಲ ಹಾಕುವುದು. ಕಾಲ್ ಮಾಡಿದೆ. ಟರ್ನ್‌ಗೆ ಇಸ್ಪೀಟ್ ಆರು. ನನ್ನ ಹತ್ತಿರ ಉಳಿದ ಅಷ್ಟಕ್ಕೂ, 11,500ಕ್ಕೆ, ಆಲ್-ಇನ್ ಅಂದ. ಕಾಲ್ ಮಾಡಿದರೆ ಪಾಟ್ 40,300 ಆಗುತ್ತದೆ, ನಾನು ಹಾಕುವುದು ಅದರ ಶೇ. 29ಕ್ಕಿಂತ ಕಡಿಮೆ. ಅಂದರೆ ಹತ್ತರಲ್ಲಿ ಮೂರು ಸಲ ಗೆದ್ದರೂ ನಷ್ಟವಿಲ್ಲ. ಅವನ ರಾತ್ರಿಯ ಆಟ ನೋಡಿದವನಿಗೆ ಇದು ಯೋಚನೆ ಮಾಡುವ ವಿಷಯವೇ ಅಲ್ಲ. ಕಾಲ್ ಮಾಡಿದೆ. ಅವನು ಒಂಬತ್ತು-ಏಳು ತೋರಿಸಿದ. ಫ್ಲಾಪ್‌ನಲ್ಲಿ ಜೋಡಿಯೂ ಇಲ್ಲದೆ 5000 ಹಾಕಿದ್ದ. ಈಗ ಸಾಲಾಗಿ ಐದು ಎಲೆ ಕೂಡಲು ಅವನಿಗೆ ಐದು ಅಥವಾ ಹತ್ತು ಬರಬೇಕು, ಉಳಿದ 44 ಎಲೆಯಲ್ಲಿ 8, ಶೇ. 18.

ರಿವರ್‌ಗೆ ಡೈಮನ್ ಹತ್ತು.

ಮೇಜೆಲ್ಲ ಕೂಗಾಡಿತು. ಅವನು ನನ್ನ ಬೆನ್ನು ತಟ್ಟಿ 'ನಸೀಬ್ ರೀ' ಅಂದ. ಪುಣೆಯ ಗೆಳೆಯರಿಗೆ ಇದನ್ನು ಹೇಳಿದರೆ 'ಹಾಗಾದರೆ ಅವನೇ ಸರಿ ಅಲ್ವಾ' ಅನ್ನುತ್ತಾರೆ. ಅದೇ ಕೈ ನಾಳೆ ಬಂದರೆ ಅದೇ ರೀತಿ ಆಡುತ್ತೇನೆ. ನೂರು ಸಲ ಆ ಜಾಗದಲ್ಲಿ ನಿಂತರೆ 82 ಸಲ 40,300 ನನ್ನದು.

ಹಾಗಾದರೆ ಎಂಥ ಕೈಯಲ್ಲಿ ಕಾಲ್ ಮಾಡಬಹುದು?

ಅವನು ಪಾಟ್‌ನಷ್ಟೇ ಬೆಟ್ ಹಾಕಿದರೆ ನೀವು ಮೂರರಲ್ಲಿ ಒಂದು ಸಲ ಗೆದ್ದರೆ ಸಾಕು, ಅರ್ಧ ಪಾಟ್ ಹಾಕಿದರೆ ನಾಲ್ಕರಲ್ಲಿ ಒಂದು ಸಲ. ಬಿಗಿಯಾಗಿ ಆಡುವವನ ಎದುರು ನಡುವಿನ ಎಲೆಗೆ ಜೋಡಿ ಹಿಡಿದು ರಿವರ್ ತನಕ ಹೋಗುವುದು ಮೂರ್ಖತನ, ಮೇನಿಯಾಕ್ ಎದುರು ಅದೇ ಲಾಭ. ಆದರೆ ಅರ್ಧ ದಾರಿಯಲ್ಲಿ ಧೈರ್ಯ ಕಳೆದುಕೊಳ್ಳುವುದು ಎಲ್ಲಕ್ಕಿಂತ ದುಬಾರಿ. ಫ್ಲಾಪ್, ಟರ್ನ್ ಎರಡಕ್ಕೂ ಕಾಲ್ ಮಾಡಿ ರಿವರ್‌ನಲ್ಲಿ ಬಿಸಾಡುವುದಾದರೆ ಫ್ಲಾಪ್‌ನಲ್ಲೇ ಬಿಸಾಡಿ, ಎರಡು ಬೆಟ್ ಉಳಿಯುತ್ತದೆ.

ಫ್ಲಶ್‌ಗೆ ಒಂದೇ ಎಲೆ ಬೇಕು, ಆಗ ರೇಸ್ ಮಾಡಬಹುದಾ?

ಬಿಸಾಡುವವನ ಎದುರು ಮಾಡಬಹುದು. ಬಿಸಾಡದವನ ಎದುರು ಮಾಡಿದರೆ ಎಲೆ ಬೀಳುವುದೊಂದೇ ದಾರಿ. ಬೇಕಾದ 9 ಎಲೆಯಲ್ಲಿ ಒಂದು ಮುಂದಿನ ಎಲೆಯಾಗಿ ಬರುವುದು ಶೇ. 19, ಟರ್ನ್, ರಿವರ್ ಎರಡೂ ಸೇರಿ 35. ಟರ್ನ್‌ನಲ್ಲಿ ಅವನು ಪಾಟ್‌ನಷ್ಟು ಬೆಟ್ ಹಾಕಿದರೆ ನಿಮಗೆ ಬೇಕು 33, ಇರುವುದು 19ರ ಆಸುಪಾಸು. ಬಿಡುವುದೇ ವಾಸಿ, ಬಂದಮೇಲೆ ಅವನಿಂದ ಇನ್ನೂ ತುಂಬಾ ದುಡ್ಡು ಬರುವ ಹಾಗಿದ್ದರೆ ಮಾತ್ರ ಬೇರೆ ಮಾತು.

ಸಣ್ಣ ಜೋಡಿಗಳು?

ಎರಡರ ಜೋಡಿ, ಐದರ ಜೋಡಿ ಇಟ್ಟುಕೊಂಡು ಫ್ಲಾಪ್‌ನಲ್ಲಿ ಮೂರನೆಯದು ಬರಲಿ ಅಂತ ಕಾಯುತ್ತೇವಲ್ಲ, ಅದು ಸುಮಾರು ಎಂಟೂವರೆಗೆ ಒಂದು ಸಲ. ಕಾಲಿಂಗ್ ಸ್ಟೇಷನ್‌ಗಳ ಮೇಜಿನಲ್ಲಿ ಅಗ್ಗಕ್ಕೆ ನೋಡಲು ಸಿಗುತ್ತದೆ, ಬಂದರೆ ಎಲ್ಲರೂ ದುಡ್ಡು ಕೊಡುತ್ತಾರೆ, ಒಳ್ಳೆಯದೇ. ಮೇನಿಯಾಕ್ ಇದ್ದರೆ ಫ್ಲಾಪ್ ನೋಡುವುದೇ ದುಬಾರಿ. ಹಾಕುವ ದುಡ್ಡಿನ 15-20 ಪಟ್ಟಾದರೂ ಇಬ್ಬರ ಮುಂದೆಯೂ ಉಳಿದಿರಬೇಕು ಅನ್ನುವುದು ಆಟಗಾರರ ಅಂದಾಜು, ಇಲ್ಲದಿದ್ದರೆ ಬಿಡಿ.

ಎಲ್ಲರೂ ಸ್ಟ್ರ್ಯಾಡಲ್ ಹಾಕುತ್ತಾರೆ, ನಾನೂ ಹಾಕಬೇಕಾ?

ಬೇಕಿಲ್ಲ. ಎಲೆ ನೋಡುವ ಮೊದಲೇ ಬ್ಲೈಂಡ್‌ನ ಎರಡರಷ್ಟು ಹಾಕುವುದು ಅದು. 200ರ ಬ್ಲೈಂಡ್‌ಗೆ ನಿಮ್ಮ 20,000 ಅಂದರೆ 100 ಬ್ಲೈಂಡ್. ಯಾರೋ 400 ಸ್ಟ್ರ್ಯಾಡಲ್ ಹಾಕಿದ ಕೂಡಲೇ ಅದೇ ದುಡ್ಡು 50ಕ್ಕೆ ಇಳಿಯಿತು. ಜೇಬಿನ ದುಡ್ಡು ಅಷ್ಟೇ ಇದೆ, ಆಟ ಮಾತ್ರ ದೊಡ್ಡದಾಗಿದೆ, ಗೊತ್ತಾಗುವುದೇ ಇಲ್ಲ. ಅಂಥ ಕೈಯಲ್ಲಿ ಇನ್ನೂ ಬಿಗಿಯಾಗಿ ಆಡಿ. 'ಹಾಕ್ರೀ, ಮಜಾ ಬರ್ತದ' ಅಂದರೆ ನಕ್ಕು ಸುಮ್ಮನಿರಿ.

ಮೇಲೆ ಹೇಳಿದ ಮೂರನೆಯವನು ಯಾರು?

ಜಾಸ್ತಿ ಕೈ ಆಡುತ್ತಾನೆ, ಜಾಸ್ತಿ ರೇಸ್ ಮಾಡುತ್ತಾನೆ, ಆದರೆ ಅವನ ಮೇಲೆ ರೇಸ್ ಮಾಡಿದರೆ ಬಿಸಾಡುವುದೂ ಅವನಿಗೆ ಗೊತ್ತು. ಅದೇ ಗುರುತು. ಮೇನಿಯಾಕ್ ಸುಲಭಕ್ಕೆ ಬಿಸಾಡುವುದಿಲ್ಲ. ಇನ್ನೊಂದು ಗುರುತು, ಅವನು ಕೊನೆಯ ಸರದಿ ತನ್ನದಾದಾಗ ಹೆಚ್ಚು ಆಡುತ್ತಾನೆ, ಮೊದಲ ಸರದಿ ಬಂದಾಗ ಸಭ್ಯಸ್ಥ. ಇವನ ಎದುರು ನನ್ನ ಉಪಾಯ ಬಹಳ ಸರಳ: ಮೇಜಿನಲ್ಲಿ ಇನ್ನೂ ಏಳು ಜನ ಇದ್ದಾರೆ, ಅವರ ಜೊತೆ ಆಡುತ್ತೇನೆ.

ಗೆಳೆಯನ ಜೊತೆ ಕನ್ನಡದಲ್ಲಿ ಮಾತಾಡಿಕೊಂಡು ಆಡಬಹುದಾ?

ಕೈ ನಡೆಯುತ್ತಿರುವಾಗ ಬೇಡ. ಒಂದು ಕೈಗೆ ಒಬ್ಬನೇ ಆಟಗಾರ, ಸಲಹೆ ಕೊಡುವಂತಿಲ್ಲ ಅನ್ನುವುದು ಪೋಕರ್‌ನ ಹಳೆ ನಿಯಮ. ಬೇರೆಯವರಿಗೆ ಗೊತ್ತಾಗದ ಭಾಷೆಯಲ್ಲಿ ಪಿಸುಗುಟ್ಟಿದರೆ ಡೀಲರ್ ತಡೆಯುತ್ತಾನೆ, ತಡೆಯಲೇಬೇಕು. ಅಲ್ಲದೆ ಯಾರಿಗೂ ಅರ್ಥವಾಗದು ಅನ್ನುವ ಭ್ರಮೆ ಗೋವಾದಲ್ಲಿ ಇಟ್ಟುಕೊಳ್ಳಬೇಡಿ. ಶನಿವಾರ ರಾತ್ರಿ ಆ ಮೇಜುಗಳಲ್ಲಿ ಹುಬ್ಬಳ್ಳಿ, ಬೆಳಗಾವಿಯವರು ಇದ್ದೇ ಇರುತ್ತಾರೆ.

ಮೊಬೈಲ್‌ನಲ್ಲಿ ದುಡ್ಡು ಕಟ್ಟಿ ಅಭ್ಯಾಸ ಮಾಡಬಹುದಾ? ಪುಣೆ, ಮುಂಬೈಯಲ್ಲಿ?

2025ರ ಆಗಸ್ಟ್‌ನಲ್ಲಿ ಸಂಸತ್ತು ಪಾಸ್ ಮಾಡಿದ ಕಾಯ್ದೆ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ, ಪೋಕರ್, ರಮ್ಮಿ ಎರಡೂ ಅದರಲ್ಲಿ ಬಂತು. ಮಹಾರಾಷ್ಟ್ರದಲ್ಲಿ 1887ರ ಜೂಜು ತಡೆ ಕಾಯ್ದೆ ಇನ್ನೂ ಇದೆ. ಗೋವಾದ 1976ರ ಕಾಯ್ದೆಗೆ ಆಮೇಲೆ ತಿದ್ದುಪಡಿ ತಂದು ಪಂಚತಾರಾ ಹೋಟೆಲ್, ಹಡಗುಗಳಲ್ಲಿ ಅವಕಾಶ ಕೊಟ್ಟರು, ಅದಕ್ಕೇ ಅಷ್ಟು ದೂರ ಹೋಗುವುದು. 21 ತುಂಬಿರಬೇಕು. ಪುಣೆಯಲ್ಲಿ ನಾವು ಆಡುವುದು ಶೇಂಗಾ ಬೀಜಕ್ಕೆ. ನಗಬೇಡಿ, ಶೇಂಗಾಕ್ಕೆ ಆಡುವಾಗ ಎಲ್ಲರೂ ಮೇನಿಯಾಕ್ ಆಗುತ್ತಾರೆ, ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೆ ಮೇಜು ಇಲ್ಲ. ಒಂದೇ ತೊಂದರೆ, ನಡುರಾತ್ರಿ ಹೊತ್ತಿಗೆ ಅರ್ಧ ಚಿಪ್ಸ್ ಹೊಟ್ಟೆಗೆ ಹೋಗಿರುತ್ತವೆ.

ಎಷ್ಟು ದುಡ್ಡು ಒಯ್ಯಬೇಕು?

ಪೂರ್ತಿ ಹೋದರೂ ಮನೆಯಲ್ಲಿ ಹೇಳಬಹುದಾದಷ್ಟು. ಲೂಸ್ ಮೇಜಿನಲ್ಲಿ ಸರಿಯಾಗಿ ಆಡಿದರೂ ಏರಿಳಿತ ಜಾಸ್ತಿ, ಮೇಲಿನ ಎಕ್ಕ-ರಾಣಿ ಕೈ ನೋಡಿದಿರಲ್ಲ. ನಾನು ಒಯ್ಯುವುದನ್ನು ಮೂರು ಭಾಗ ಮಾಡಿ, ಒಂದು ಭಾಗ ಮಾತ್ರ ಮೇಜಿಗೆ ತರುತ್ತೇನೆ. ಎಟಿಎಂ ಕಾರ್ಡ್ ರೂಮಿನಲ್ಲಿ.

ಸೋತ ಮೇಲೆ ತಲೆ ಬಿಸಿಯಾಗಿ ನಾನೇ ಹುಚ್ಚನ ಹಾಗೆ ಆಡುತ್ತೇನೆ, ಏನು ಮಾಡಲಿ?

ನನಗೂ ಆಗಿದೆ. ಆ ಡೈಮನ್ ಹತ್ತು ಬಿದ್ದ ಮೇಲೆ ಎರಡನೆಯ ಭಾಗ ತೆಗೆದು ಕೂತೆ. ನಾಲ್ಕು ಕೈ ಆದಮೇಲೆ ಗುಲಾಮ-ಆರು ಹಿಡಿದು ಟೋಪಿ ಅಣ್ಣನ ರೇಸ್ ಮೇಲೆ ರೇಸ್ ಮಾಡಿದ್ದೆ, ಯಾಕೆ ಅಂತ ಕೇಳಿದರೆ ಉತ್ತರ ಇಲ್ಲ, ಅವನನ್ನು ಸೋಲಿಸಬೇಕಿತ್ತು ಅಷ್ಟೆ. ಅವನು ನನ್ನ ಮುಖ ನೋಡಿದ, ಆ ರಾತ್ರಿ ಮೊದಲ ಸಲ ಛೇಡಿಸಲಿಲ್ಲ, ಕಾಲ್ ಮಾಡಿದ. ಫ್ಲಾಪ್‌ಗೆ ಏನೂ ಬರಲಿಲ್ಲ, ಮತ್ತೂ 4000 ಹಾಕಿದೆ, ಮತ್ತೂ ಕಾಲ್. ಟರ್ನ್ ಬೀಳುವಾಗ ನನ್ನ ಕೈಯಲ್ಲಿದ್ದ ಚಿಪ್ಸ್ ನೋಡಿಕೊಂಡೆ, ಎರಡು ಗುಡ್ಡೆ ಮಾಡಿ ಒಂದರೊಳಗೊಂದು ಸರಸರ ಸೇರಿಸುತ್ತಾ ಕೂತಿದ್ದೆ, ಥೇಟ್ ಅವನ ಹಾಗೆ. ಎಲೆ ಬಿಸಾಡಿ ಎದ್ದು ಡೆಕ್‌ಗೆ ಹೋಗಿ ನಿಂತೆ. ಒಂದು ಚಹಾ ಕುಡಿಯುವಷ್ಟು ಹೊತ್ತು. ಬಂದು ನೋಡಿದರೆ ಅವನ ಎಡಗಡೆಯ ನನ್ನ ಸೀಟು ಹಾಗೇ ಖಾಲಿ ಇತ್ತು, ಅವನೇ ಯಾರನ್ನೂ ಕೂರಲು ಬಿಟ್ಟಿರಲಿಲ್ಲವಂತೆ.